ಮೊದಲು ಯಾರ ಕರೆಂಟು ತೆಗೆಯುವುದು

ಫೆಬ್ರವರಿ 3, ಸೋಮವಾರ

ಇಪ್ಪತ್ತಾರು ವರ್ಷ ಪಾಳಿ ಪುಸ್ತಕ ಬರೆದಿದ್ದೇನೆ. ಎಷ್ಟು ಗಂಟೆಗೆ ಯಾವ ಘಟಕ ನಿಂತಿತು, ಯಾವ ಲೈನು ಬಿತ್ತು, ಯಾರಿಗೆ ಫೋನ್ ಮಾಡಿದೆ, ಎಲ್ಲ. ನನಗೋಸ್ಕರ ಒಂದು ಸಾಲೂ ಬರೆದವಳಲ್ಲ. ಇವತ್ತಿನಿಂದ ಪಾಳಿ ಇಲ್ಲ, ಕೈ ಮಾತ್ರ ಸುಮ್ಮನಿರುವುದಿಲ್ಲ. ಅದಕ್ಕೆ ಈ ಪುಸ್ತಕ.

ವಿದ್ಯುತ್ ಮಂಡಳಿಯನ್ನು ಹೇಗೆ ಒಡೆಯಬೇಕು, ಎಷ್ಟರ ಮಟ್ಟಿಗೆ ಮಾರುಕಟ್ಟೆಗೆ ಬಿಡಬೇಕು ಎಂದು ಹೇಳಲು ಸರ್ಕಾರ ಸಮಿತಿ ಮಾಡಿದೆ. ನಿಯಂತ್ರಣ ಕೊಠಡಿಯಿಂದ ಒಬ್ಬರು ಬೇಕಂತೆ. ಮುಖ್ಯ ಎಂಜಿನಿಯರ್ ನನ್ನನ್ನು ಕರೆದು, ಮೂರೇ ತಿಂಗಳು, ಕೂತು ಎದ್ದು ಬನ್ನಿ ಎಂದರು. ನನ್ನ ಪಾಳಿಯನ್ನು ಗೊಣಗಪ್ಪನಿಗೆ ಒಪ್ಪಿಸಿ ಬಂದೆ. ನಿವೃತ್ತಿಗೆ ಎರಡು ವರ್ಷ ಇರುವ ಅವನು ಕುರ್ಚಿ ಎತ್ತರ ಆಯಿತೆಂದೂ ಗೊಣಗುತ್ತಾನೆ, ತಗ್ಗಿತೆಂದೂ ಗೊಣಗುತ್ತಾನೆ. ಕೆಲಸದಲ್ಲಿ ಮಾತ್ರ ಕೂದಲಷ್ಟೂ ಆಚೀಚೆ ಆಗುವುದಿಲ್ಲ.

ಸಭೆ ನಾಲ್ಕನೇ ಮಹಡಿಯಲ್ಲಿ. ಅಧ್ಯಕ್ಷರು ನಿವೃತ್ತ ಕಾರ್ಯದರ್ಶಿ, ಮಾತಿಗೆ ಮೊದಲು ಕನ್ನಡಕ ಒರೆಸಿಕೊಳ್ಳುವವರು. ನೌಕರರ ಸಂಘದ ಕಾರ್ಯದರ್ಶಿಗೆ ಮೈಕಿನ ಅಗತ್ಯವೇ ಇಲ್ಲ. ಇನ್ನೊಬ್ಬ ಹೊರಗಿನ ಕಂಪನಿಯ ಸಲಹೆಗಾರ. ಈ ಸೆಕೆಯಲ್ಲೂ ಟೈ ಕಟ್ಟಿಕೊಂಡು ಬಂದಿದ್ದ. ಮೊದಲ ದಿನವೇ ಸಂಘದವರು ಅವನಿಗೆ ‘ಟೈ’ ಎಂದು ಹೆಸರಿಟ್ಟಾಯಿತು.

ಸಂಜೆ ಆರಕ್ಕೆ ಮನೆಯಲ್ಲಿದ್ದೆ. ಅತ್ತೆ ಗಡಿಯಾರ ನೋಡಿದರು, ನನ್ನನ್ನು ನೋಡಿದರು. “ಅಂತೂ ಮನುಷ್ಯರ ಹೊತ್ತಿಗೆ ಮನೆಗೆ ಬರೋ ಹಾಗಾಯ್ತು ಅನ್ನು,” ಎಂದರು.

ಫೆಬ್ರವರಿ 6, ಗುರುವಾರ

ಟೈ ಬಿಳಿ ಹಲಗೆಯ ಮೇಲೆ ನಾಲ್ಕು ಚೌಕ ಬರೆದ. ಒಂದನೆಯದು ಈಗ ಇರುವುದು: ಉತ್ಪಾದನೆ, ಸಾಗಣೆ, ಹಂಚಿಕೆ ಎಲ್ಲ ಮಂಡಳಿಯದೇ. ಎರಡನೆಯದರಲ್ಲಿ ಉತ್ಪಾದಿಸುವವರು ಹಲವರು, ಅವರಿಂದ ಕೊಳ್ಳುವ ಸಂಸ್ಥೆ ಒಂದೇ. ಮೂರನೆಯದರಲ್ಲಿ ಊರೂರಿಗೆ ಹಂಚುವ ಕಂಪನಿಗಳು ಹುಟ್ಟುತ್ತವೆ, ಅವು ತಮಗೆ ಬೇಕಾದ ಉತ್ಪಾದಕರಿಂದ ಕೊಳ್ಳುತ್ತವೆ. ನಾಲ್ಕನೆಯದರಲ್ಲಿ ಮನೆಯವರೂ ತಮಗೆ ಬೇಕಾದ ಕಂಪನಿಯನ್ನು ಆರಿಸಿಕೊಳ್ಳಬಹುದು. ಎಡದಿಂದ ಬಲಕ್ಕೆ ಹೋದಂತೆ ಪೈಪೋಟಿ ಹೆಚ್ಚು ಎಂದು ಬಾಣ ಎಳೆದ.

ಸಂಘದವರು ಎದ್ದು, ಬಾಣ ಯಾರ ಎದೆಗೆ ಅಂತಲೂ ಬರೆಯಿರಿ ಎಂದರು. ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. ಚಹಾ ಬಂತು.

ನಾನು ಹೊರಗೆ ನೋಡುತ್ತಾ ಕೂತೆ. ಕಿಟಕಿಯಾಚೆ ಹತ್ತಿರದ ಸಬ್‌ಸ್ಟೇಷನ್ನಿನ ಕಂಬಗಳು ಕಾಣುತ್ತವೆ. ಇಲ್ಲಿ ಮಾತು ಮುಗಿಯುವವರೆಗೂ ಅಲ್ಲಿ ಕರೆಂಟು ಹರಿಯುತ್ತಲೇ ಇತ್ತು.

ಫೆಬ್ರವರಿ 14, ಶುಕ್ರವಾರ

ಇವತ್ತು ಮಾತಾಡಿದೆ. ಮೂರನೇ ಮಾದರಿಯಲ್ಲಿ ಗಿರಾಕಿಗೆ ಗೌರವ ಸಿಗುತ್ತದೆ ಎಂದು ಟೈ ಹೇಳಿದ. ನಮ್ಮಲ್ಲೇನು ಸಿಗುತ್ತಿಲ್ಲವೇ ಎಂದು ಕೇಳಿದೆ. ವಿದ್ಯುತ್ ಸಾಲದೆ ಬಂದಾಗ ನಾವು ಲಾಭ ನಷ್ಟ ನೋಡಿ ಕರೆಂಟು ತೆಗೆಯುವುದಿಲ್ಲ, ಸರದಿ ನೋಡಿ ತೆಗೆಯುತ್ತೇವೆ, ಬಡವ ಬಲ್ಲಿದ ಎಂಬ ಭೇದ ನಮ್ಮ ಕೊಠಡಿಯ ಬಾಗಿಲು ದಾಟಿ ಒಳಗೆ ಬಂದಿಲ್ಲ ಎಂದೆ. ಸಂಘದವರು ಮೇಜು ಕುಟ್ಟಿದರು.

ಟೈ ನಿಧಾನವಾಗಿ, ಅದಕ್ಕೆ ದಾಖಲೆ ಇದೆಯಾ ಮೇಡಂ ಎಂದು ಕೇಳಿದ. ಎದೆ ಉರಿಗೆ ಒಂದು ಮಾತ್ರೆ ಚೀಪುತ್ತಾ ಇದ್ದ. ಪಾಳಿ ಪುಸ್ತಕಗಳೇ ಇವೆ, ಒಂದು ವರ್ಷದ್ದು ಲೆಕ್ಕ ತೆಗೆದು ಮುಂದಿಡುತ್ತೇನೆ ಎಂದೆ.

ಬಹಳ ದಿನದ ಮೇಲೆ ಮೈಯಲ್ಲಿ ಜೀವ ಬಂದ ಹಾಗಿತ್ತು.

ಫೆಬ್ರವರಿ 19, ಬುಧವಾರ

ಪುಸ್ತಕಗಳನ್ನು ತರಿಸಿ ಎರಡು ದಿನದಿಂದ ಇಳಿಸಿಕೊಳ್ಳುತ್ತಿದ್ದೇನೆ. ನಗರಕ್ಕೆ ಕರೆಂಟು ಒಯ್ಯುವ ಫೀಡರ್ ಲೈನುಗಳು ಹನ್ನೆರಡು. ಒಂದು ಮತ್ತು ಎರಡರ ಮೇಲೆ ಆಸ್ಪತ್ರೆ, ನೀರಿನ ಪಂಪು. ಅವುಗಳನ್ನು ಮುಟ್ಟುವಂತಿಲ್ಲ. ನಾಲ್ಕನೆಯದು ನಮ್ಮ ಅಧಿಕಾರಿಗಳ ವಸತಿ. ಆರನೆಯದು ಮಂತ್ರಿಗಳ ಬೀದಿ. ಹನ್ನೊಂದನೆಯದು ಗಿರಣಿ ಕಡೆಯದು. ಕೊಠಡಿಯಲ್ಲಿ ಹನ್ನೊಂದನ್ನು ‘ಸಾಧು’ ಎನ್ನುತ್ತೇವೆ. ಬೇರೆ ಯಾವುದನ್ನು ತೆಗೆದರೂ ಐದು ನಿಮಿಷದಲ್ಲಿ ಫೋನು ಬಡಿದುಕೊಳ್ಳುತ್ತದೆ, ಹನ್ನೊಂದರಿಂದ ಯಾರೂ ಮಾಡುವುದಿಲ್ಲ.

ಸೊಂಟ ಹಿಡಿದುಕೊಂಡಿದೆ.

ಫೆಬ್ರವರಿ 21, ಶುಕ್ರವಾರ

ಬೆಳಿಗ್ಗೆ ಐದೂವರೆಗೆ ಅಕ್ಕನ ಫೋನು. ಹಿಂದೆ ಹೊಲಿಗೆ ಯಂತ್ರಗಳ ಸದ್ದು. ಅವಳಿಗೆ ನಸುಕಿನಲ್ಲೇ ಏಳುವ ಚಟ, ನಾವೂ ಎದ್ದಿರುತ್ತೇವೆ ಎಂದೇ ಅವಳ ಲೆಕ್ಕ. ನಿನ್ನ ಧ್ವನಿ ಯಾಕೆ ಹೀಗಿದೆ, ಊಟ ಸರಿಯಾಗಿ ಮಾಡ್ತಿದ್ದೀಯಾ ಎಂದು ವಿಚಾರಿಸಿದಳು. ಸಮಿತಿ ಎಂದೆ. ಅದರಲ್ಲಿ ಏನು ಮಾಡ್ತಾರೆ ಎಂದಳು. ಕೂತ್ಕೋತಾರೆ ಎಂದೆ. ನಕ್ಕಳು.

ಫೆಬ್ರವರಿ 27, ಗುರುವಾರ

ಲೆಕ್ಕ ಮುಗಿಯಿತು.

ಒಂದು ವರ್ಷದಲ್ಲಿ ನಾಲ್ಕನೇ ಫೀಡರ್ ಕತ್ತಲಾದದ್ದು ಹನ್ನೊಂದು ಗಂಟೆ. ಆರನೆಯದು, ಹತ್ತೊಂಬತ್ತು ಗಂಟೆ. ಹನ್ನೊಂದನೆಯದು, ಸಾವಿರದ ನೂರ ನಲವತ್ತು ಗಂಟೆ.

ಎಲ್ಲೋ ಸೊನ್ನೆ ಹೆಚ್ಚು ಬಿದ್ದಿರಬೇಕೆಂದು ಮತ್ತೆ ಕೂಡಿದೆ. ಅಷ್ಟೇ ಬಂತು. ಕೊನೆಯ ಅಂಕಣದಲ್ಲಿ ತೆಗೆದವರ ಸಹಿ ಇರುತ್ತದೆ. ಅರ್ಧಕ್ಕಿಂತ ಹೆಚ್ಚು ನನ್ನದೇ.

ಫೆಬ್ರವರಿ 28, ಶುಕ್ರವಾರ

ಸಭೆ ಇರಲಿಲ್ಲ, ತಲೆನೋವು ಎಂದು ರಜೆ ಹಾಕಿದೆ. ನಿಜವಾಗಿಯೂ ತಲೆ ನೋಯುತ್ತಿತ್ತು.

ಮಾರ್ಚ್ 4, ಮಂಗಳವಾರ

ಯಾವುದನ್ನು ಮೊದಲು ತೆಗೆಯಬೇಕೆಂಬ ಪಟ್ಟಿ ಗೋಡೆಯ ಮೇಲಿದೆ, ನಾನು ಸೇರುವುದಕ್ಕೂ ಮೊದಲಿನದು. ನಾನು ಬರೆದದ್ದಲ್ಲ. ಘಟಕ ನಿಂತಾಗ ನಿಮಿಷದೊಳಗೆ ಹೊರೆ ಇಳಿಸದಿದ್ದರೆ ಇಡೀ ದೇಶ ಕತ್ತಲಾಗುತ್ತದೆ. ಆಗ ನ್ಯಾಯ ಅನ್ಯಾಯ ಎಂದು ಯೋಚಿಸುತ್ತಾ ಕೂರಲು ಆಗುವುದಿಲ್ಲ. ಗೋಡೆ ನೋಡುತ್ತೇವೆ, ಫೋನು ಎತ್ತುತ್ತೇವೆ, ಹನ್ನೊಂದು ತೆಗೀರಿ ಎನ್ನುತ್ತೇವೆ.

ಇದನ್ನೆಲ್ಲ ಸಮಿತಿಯಲ್ಲಿ ಹೇಗೆ ಹೇಳಬೇಕು ಎಂದು ಬರೆದು ನೋಡಿದೆ. ಹೇಳಬಹುದು. ತಪ್ಪೇನೂ ಕಾಣುವುದಿಲ್ಲ.

ಇವರು ಊಟಕ್ಕೆ ಎರಡು ಸಲ ಕರೆದರು. ಮೂರನೇ ಸಲ ಅತ್ತೆ ಕರೆದರು, ಎದ್ದು ಹೋದೆ.

ಮಾರ್ಚ್ 9, ಭಾನುವಾರ

ಗಿರಣಿ ಕಾಲೋನಿಗೆ ಹೋಗಿ ಬಂದೆ. ಅಕ್ಕ ಹದಿನೆಂಟು ವರ್ಷದಿಂದ ಅಲ್ಲಿದ್ದಾಳೆ. ನಾನು ಹೋದದ್ದು ಬೆರಳೆಣಿಕೆಯಷ್ಟು ಸಲ. ನೀನು ಪಾಳಿಯವಳು, ನಿದ್ದೆ ಕೆಡಿಸ್ಕೊಂಡು ಯಾಕೆ ಬರ್ತೀಯ ಎಂದು ಅವಳೇ ಬರುತ್ತಿದ್ದಳು. ಭಾವ ತೀರಿಕೊಂಡ ಮೇಲೆ ಮುಂದಿನ ಕೋಣೆಯಲ್ಲಿ ಮೂರು ವಿದ್ಯುತ್ ಹೊಲಿಗೆ ಯಂತ್ರ ಹಾಕಿಕೊಂಡು, ಪಕ್ಕದ ಮನೆಯ ಇಬ್ಬರು ಹೆಂಗಸರನ್ನು ಸೇರಿಸಿಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಫ್ಯಾನು ನಿಧಾನವಾಯಿತು, ನಿಂತಿತು. ಪಾಳಿಯಲ್ಲಿ ಗೊಣಗಪ್ಪ. ಅವನು ಯಾವ ಕೈಯಲ್ಲಿ ಫೋನು ಎತ್ತಿರುತ್ತಾನೆ ಎಂಬುದೂ ನನಗೆ ಗೊತ್ತು. ಕೋಣೆಯಲ್ಲಿ ಯಾರೂ ತಲೆ ಎತ್ತಲಿಲ್ಲ. ಹೆಂಗಸರಿಬ್ಬರೂ ಯಂತ್ರ ಬಿಟ್ಟು, ಪಕ್ಕದಲ್ಲಿ ಮೊದಲೇ ತೆಗೆದಿಟ್ಟಿದ್ದ ಅಂಗಿಗಳಿಗೆ ಕೈಯಲ್ಲಿ ಗುಂಡಿ ಹಾಕತೊಡಗಿದರು. ಅಕ್ಕ ಸ್ಟೂಲನ್ನು ಬೆಳಕಿರುವ ಬಾಗಿಲಿಗೆ ಎಳೆದುಕೊಂಡಳು. ಮಾತು ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಯಿತು.

ಯಂತ್ರದ ಕೆಲಸ ಯಾವಾಗ ಮಾಡುತ್ತೀರಿ ಎಂದು ಕೇಳಿದೆ. ಬೆಳಿಗ್ಗೆ ನಾಲ್ಕರಿಂದ ಎಂಟರವರೆಗೆ ಕರೆಂಟು ಗ್ಯಾರಂಟಿ, ಆಮೇಲೆ ಹೇಳೋಕಾಗಲ್ಲ ಎಂದಳು. ನಿನಗೆ ಮೊದಲಿಂದ ಬೇಗ ಏಳೋ ಚಟ ಅಲ್ವಾ ಎಂದೆ. ಅವಳು ನನ್ನ ಮುಖ ನೋಡಿದಳು.

“ನನಗಾ? ಚಿಕ್ಕವಳಿದ್ದಾಗ ಅಮ್ಮ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸ್ತಿದ್ದಳು ನನ್ನ. ಮರೆತುಬಿಟ್ಟೆಯಾ?”

ಹೆಂಗಸರು ಊಟಕ್ಕೆ ಹೋದ ಮೇಲೆ ಲೆಕ್ಕದ ವಿಷಯ ಹೇಳಿದೆ. ಸಾವಿರದ ನೂರ ನಲವತ್ತು ಎಂದೆ. ಇರಬಹುದು ಎಂದಳು.

“ನಾನೇ ತೆಗೀತಿದ್ದೆ ಅಂತ ನಿನಗೆ ಗೊತ್ತಿತ್ತಾ?”

“ಗೊತ್ತಿಲ್ಲದೆ ಏನು.”

“ಮತ್ತೆ ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲ ನೀನು.”

“ಏನಂತ ಹೇಳಲಿ? ನಮಗೆ ಕೊಡು, ಇನ್ನೊಬ್ಬರಿಗೆ ತೆಗಿ ಅಂತಲಾ?” ಸೂಜಿಗೆ ದಾರ ಪೋಣಿಸುತ್ತಿದ್ದಳು, ಕಣ್ಣು ಅಲ್ಲೇ ಇತ್ತು. “ಮೊದಮೊದಲು ಬೀದಿಯಲ್ಲೆಲ್ಲ ಹೇಳ್ಕೊಂಡು ತಿರುಗ್ತಿದ್ದೆ ಕಣೇ, ನನ್ನ ತಂಗಿ ಕರೆಂಟ್ ಆಫೀಸಲ್ಲಿ ದೊಡ್ಡ ಎಂಜಿನಿಯರು ಅಂತ. ಆಮೇಲೆ ಬಿಟ್ಟೆ. ಈಗ ಯಾರಾದ್ರೂ ಕೇಳಿದ್ರೆ ಸರ್ಕಾರಿ ಕೆಲಸ ಅಂತೀನಿ, ಅಷ್ಟೇ.”

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಇಳಿಯುವ ನಿಲ್ದಾಣ ದಾಟಿ ಹೋಗಿ ನಡೆದುಕೊಂಡು ವಾಪಸು ಬಂದೆ.

ಮಾರ್ಚ್ 13, ಗುರುವಾರ

ಕೋಷ್ಟಕವನ್ನು ಎಲ್ಲರ ಮುಂದಿಟ್ಟೆ. ಮೊದಲು ಗೆದ್ದ ಮುಖ ಮಾಡಿದ್ದು ಟೈ. ಆಮೇಲೆ ಯಾಕೋ ಆ ಹಾಳೆಯನ್ನು ಎತ್ತಿಕೊಂಡು ತನ್ನ ಕಂಪ್ಯೂಟರಿನೊಳಗೆ ಮುಖ ಹಾಕಿದವನು ತೆಗೆಯಲೇ ಇಲ್ಲ. ಸಂಘದವರು ನನ್ನನ್ನು ಹೊರಗೆ ಕರೆದು, ಮನೆಯ ಮಾತು ಬೀದಿಗೆ ತರ್ತೀರಾ, ಇದು ಹೊರಗೆ ಹೋದರೆ ಮಂಡಳಿಯನ್ನು ನಾಳೆಯೇ ಹರಾಜು ಹಾಕ್ತಾರೆ ಎಂದರು. ಅಧ್ಯಕ್ಷರು, ಯಾರ ಕರೆಂಟು ತೆಗೆಯುತ್ತೀರಿ ಎಂಬುದು ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಅವರ ಮನೆ ಆರನೇ ಫೀಡರಿನ ಮೇಲಿದೆ.

ಹಾಳೆಗಳನ್ನು ವಾಪಸು ತೆಗೆದುಕೊಂಡರು. ನನ್ನದನ್ನು ನಾನು ಕೊಡಲಿಲ್ಲ, ಚೀಲದಲ್ಲಿತ್ತು.

ಮಾರ್ಚ್ 14, ಶುಕ್ರವಾರ

ಲಿಫ್ಟು ಕೆಟ್ಟಿತ್ತು. ಮೆಟ್ಟಿಲಿಳಿಯುವಾಗ ಟೈ ಜೊತೆಯಾದ. ಎರಡನೇ ಮಹಡಿಯ ತಿರುವಿನಲ್ಲಿ ನಿಂತು, ಒಂದು ವಿಷಯ ಹೇಳಬೇಕು ಮೇಡಂ ಎಂದ. ನನ್ನ ಅಂಕಿಗಳನ್ನು ಅವನು ಎರಡು, ಮೂರು, ನಾಲ್ಕನೇ ಮಾದರಿಗಳಿಗೂ ಹಾಕಿ ನೋಡಿದ್ದನಂತೆ.

“ನಮ್ಮ ಲೆಕ್ಕದಲ್ಲಿ ಕರೆಂಟು ಹೋದರೆ ಯಾರಿಗೆ ನಷ್ಟ ಕಡಿಮೆಯೋ ಅವರದು ಮೊದಲು ತೆಗೀಬೇಕು. ಎಷ್ಟು ಸಲ ಓಡಿಸಿದರೂ ಮೊದಲು ಹೋಗೋದು ಹನ್ನೊಂದೇ.”

“ನಾಲ್ಕು ಚೌಕದಲ್ಲೂ?”

“ನಾಲ್ಕರಲ್ಲೂ. ನಿಮ್ಮ ಹತ್ತಿರ ಕಾರಣ ಇಲ್ಲ, ನಮ್ಮ ಹತ್ತಿರ ಕಾರಣ ಇದೆ. ವ್ಯತ್ಯಾಸ ಅಷ್ಟೇ.”

ಮಾತ್ರೆಯ ಪಟ್ಟಿ ತೆಗೆದು ನನಗೂ ಒಂದು ಕೊಟ್ಟರು. ಸುಣ್ಣದ ರುಚಿ. ಇಬ್ಬರೂ ಚೀಪುತ್ತಾ ಇಳಿದೆವು.

ಮಾರ್ಚ್ 20, ಗುರುವಾರ

ಒಂದು ಪುಟ ಬರೆದೆ. ಮಂಡಳಿ ಉಳಿಯಲಿ, ಒಡೆಯಲಿ, ಮಾರಲಿ, ಯಾವ ಮಾದರಿಯೇ ಬರಲಿ, ಸಾಲದೆ ಬಂದಾಗ ಕರೆಂಟು ತೆಗೆಯುವ ಪಟ್ಟಿ ಒಂದು ಇರಬೇಕು. ಆಸ್ಪತ್ರೆ, ನೀರು ಬಿಟ್ಟು ಉಳಿದ ಹತ್ತೂ ಫೀಡರುಗಳು ಅದರಲ್ಲಿರಬೇಕು. ಆ ವರ್ಷ ಯಾರಿಗೆ ಕಡಿಮೆ ಗಂಟೆ ಹೋಗಿದೆಯೋ ಅವರ ಸರದಿ ಮೊದಲು. ಪಟ್ಟಿ ಎಲ್ಲರಿಗೂ ಕಾಣುವಂತೆ ಹೊರಗೆ ಅಂಟಿಸಬೇಕು.

ಇವರಿಗೆ ಓದಲು ಕೊಟ್ಟೆ. ಕಾಲೇಜಿನಲ್ಲಿ ವ್ಯಾಕರಣ ಕಲಿಸುವವರು, ಮೊದಲು ಎರಡು ಅಲ್ಪವಿರಾಮ ತಿದ್ದಿದರು. ಆಮೇಲೆ, ಈ ಲೆಕ್ಕದಲ್ಲಿ ಮೊದಲು ಹೋಗುವುದು ನಮ್ಮ ಮನೆಯದೇ ಅಲ್ವಾ ಎಂದರು. ಹೌದು, ನಾವಿರುವುದು ನಾಲ್ಕರ ಮೇಲಲ್ಲವೇ ಎಂದೆ. ಅಮ್ಮನಿಗೆ ನೀನೇ ಹೇಳು ಎಂದು ಪುಟ ವಾಪಸು ಕೊಟ್ಟರು.

ಹೇಳಿದೆ. ಅತ್ತೆ, ಮೊದಲೇ ತಿಳಿಸಿದರೆ ನೀರು ತುಂಬಿಸಿಟ್ಕೊಳ್ಳಬಹುದು ಎಂದರು.

ಮಾರ್ಚ್ 27, ಗುರುವಾರ

ಸಮಿತಿ ಎರಡನೇ ಮಾದರಿಯನ್ನು ಆರಿಸಿತು. ಕೊಳ್ಳುವವನು ಒಬ್ಬ, ಮಾರುವವರು ಹಲವರು. ಸಂಘಕ್ಕೆ ಅರ್ಧ ಸಮಾಧಾನ, ಸರ್ಕಾರಕ್ಕೆ ಅರ್ಧ ಸಮಾಧಾನ. ಅದು ಕೆಟ್ಟ ಆಯ್ಕೆ ಎಂದು ನನಗೂ ಅನ್ನಿಸುವುದಿಲ್ಲ. ನಿಜ ಹೇಳಬೇಕೆಂದರೆ ಏನೂ ಅನ್ನಿಸಲಿಲ್ಲ.

ನನ್ನ ಪುಟವನ್ನು ಅನುಬಂಧವಾಗಿಯಾದರೂ ಸೇರಿಸಿ ಎಂದೆ. ಸಲಹೆಗಾರರು, ಅದು ನೂರ ಎಂಬತ್ತು ಪುಟಗಳಲ್ಲಿ ಒಂದು ಪುಟ, ಯಾರಿಗೂ ಭಾರ ಆಗುವುದಿಲ್ಲ ಎಂದು ನನ್ನ ಪರ ಮಾತಾಡಿದರು. ಅವರ ಕಂಪನಿಯವರಿಗೆ ಇದು ತಿಳಿದರೆ ಏನೆನ್ನುತ್ತಾರೋ. ಅಧ್ಯಕ್ಷರು ಒಪ್ಪಲಿಲ್ಲ. ಹಾಗಾದರೆ ನನ್ನ ಸಹಿ ಬೇಡ ಬಿಡಿ ಎಂದೆ. ನನ್ನ ಧ್ವನಿ ನನಗೇ ಬಹಳ ಸಣ್ಣದಾಗಿ ಕೇಳಿಸಿತು.

“ನಿಮ್ಮ ಒಬ್ಬರ ಸಹಿಯಿಂದ ಏನೂ ನಿಲ್ಲೋದಿಲ್ಲ,” ಎಂದರು ಅಧ್ಯಕ್ಷರು.

ಗೊತ್ತು ಎಂದೆ.

ಏಪ್ರಿಲ್ 2, ಬುಧವಾರ

ವರದಿ ಅಚ್ಚಾಗಿ ಬಂದಿದೆ. ಸದಸ್ಯರ ಹೆಸರುಗಳ ಸಾಲಿನಲ್ಲಿ ನನ್ನ ಹೆಸರಿನ ಮುಂದೆ ‘ಗೈರು’ ಎಂದಿದೆ. ಎರಡು ತಿಂಗಳು ಪ್ರತಿ ಸಭೆಗೂ ಹೋದವಳು ನಾನೊಬ್ಬಳೇ.

ನಾಳೆಯಿಂದ ಪಾಳಿಗೆ ವಾಪಸು. ಗೊಣಗಪ್ಪ ಫೋನಿನಲ್ಲಿ, ಅಂತೂ ಬಂದ್ರಲ್ಲ, ನನ್ನ ಬೆನ್ನು ಮುರಿದುಹೋಗಿತ್ತು ಎಂದ.

ಏಪ್ರಿಲ್ 3, ಗುರುವಾರ

ಗೋಡೆಯ ಪಟ್ಟಿಯನ್ನು ಹತ್ತಿರದಿಂದ ನೋಡಿದೆ. ಅದಕ್ಕೆ ಸಹಿ ಇಲ್ಲ, ತಾರೀಖಿಲ್ಲ, ಆದೇಶದ ಸಂಖ್ಯೆ ಇಲ್ಲ. ಯಾವನೋ ಒಂದು ದಿನ ಬರೆದು ಅಂಟಿಸಿದ್ದಾನೆ. ನಾವೆಲ್ಲ ಅದನ್ನು ಓದುತ್ತಾ ಬಂದಿದ್ದೇವೆ.

ಪಕ್ಕದಲ್ಲಿ ನನ್ನದನ್ನು, ಈ ತಿಂಗಳ ಸರದಿ ಲೆಕ್ಕ ಹಾಕಿ ಬರೆದದ್ದನ್ನು, ಅಂಟಿಸಿದೆ. ಗೊಣಗಪ್ಪ ಪೂರ್ತಿ ಓದಿ, ನನಗೆ ಪಿಂಚಣಿ ಬೇಕು ಮೇಡಂ, ನಾನು ಹಳೇದನ್ನೇ ನೋಡ್ತೀನಿ ಎಂದ. ಆಯಿತು ಎಂದೆ.

ಏಪ್ರಿಲ್ 8, ಮಂಗಳವಾರ

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಕಲ್ಲಿದ್ದಲು ಸ್ಥಾವರದ ಮೂರನೇ ಘಟಕ ಬಿತ್ತು. ಕೊರತೆ ತೋರಿಸುವ ಆವರ್ತನದ ಮುಳ್ಳು ಇಳಿಯತೊಡಗಿತು. ಫೋನು ಎತ್ತಿ ನಾಲ್ಕು ತೆಗೀರಿ ಎಂದೆ. ಸಬ್‌ಸ್ಟೇಷನ್ನಿನವನು, ಯಾವುದು ಮೇಡಂ ಎಂದ. ನಾಲ್ಕು ಎಂದೆ. ಹನ್ನೊಂದಾ ಎಂದ.

“ನಾಲ್ಕು. ಒಂದು, ಎರಡು, ಮೂರು, ನಾಲ್ಕು. ನನ್ನ ಹೆಸರಲ್ಲಿ ಬರ್ಕೊಳ್ಳಿ.”

ತೆಗೆದ. ಮುಳ್ಳು ನಿಂತಿತು, ಆಮೇಲೆ ಮೆಲ್ಲಗೆ ಮೇಲೆದ್ದಿತು. ವಿದ್ಯುತ್ತಿಗೆ ಯಾರ ಮನೆಯದಾದರೂ ಒಂದೇ.

ಮನೆಗೆ ಫೋನು ಮಾಡಿ ಎರಡು ಗಂಟೆ ಕರೆಂಟು ಬರುವುದಿಲ್ಲ ಎಂದೆ. ಅತ್ತೆ, ಮೊದಲೇ ತಿಳಿಸ್ತೀನಿ ಅಂದಿದ್ದೆಯಲ್ಲ ಎಂದರು. ಘಟಕ ನನಗೂ ಹೇಳಿ ಬೀಳಲಿಲ್ಲ ಅತ್ತೆ ಎಂದೆ. ಆ ಹೊತ್ತಿಗೆ ಮಿಕ್ಕ ಮೂರು ಫೋನುಗಳೂ ಹೊಡೆದುಕೊಳ್ಳುತ್ತಿದ್ದವು. ಎಲ್ಲ ನಮ್ಮ ಅಧಿಕಾರಿಗಳೇ. ಮುಖ್ಯ ಎಂಜಿನಿಯರ್ ಅವರ ಹೆಂಡತಿ, ಏನೋ ತಪ್ಪಾಗಿರಬೇಕು ಎಂದು ಮೂರು ಸಲ ಹೇಳಿದರು. ತಪ್ಪಾಗಿಲ್ಲ, ನಾಲ್ಕು ಇಪ್ಪತ್ತಕ್ಕೆ ಬರುತ್ತದೆ ಎಂದು ಮೂರು ಸಲ ಹೇಳಿದೆ.

ಮನೆಗೆ ಬಂದಾಗ ಮೆಟ್ಟಿಲ ಬಳಿ ನಿಂತಿದ್ದ ನೆರೆಯವರು ಮಾತು ನಿಲ್ಲಿಸಿದರು.

ಏಪ್ರಿಲ್ 10, ಗುರುವಾರ

ಯಾರ ಆದೇಶದ ಮೇಲೆ ಹೀಗೆ ಮಾಡಿದಿರಿ ಎಂದು ನೋಟಿಸು. ಉತ್ತರ ಬರೆದೆ: ಹಳೆಯ ಪಟ್ಟಿಗೆ ಯಾವ ಆದೇಶವೂ ಇಲ್ಲ, ಹೊಸದಕ್ಕೂ ಇಲ್ಲ. ಎರಡರಲ್ಲಿ ಒಂದಕ್ಕಾದರೂ ಆದೇಶ ಹೊರಡಿಸಿದರೆ ಪಾಲಿಸುತ್ತೇನೆ.

ಇವರು ಓದಿ, ಒಂದು ಅಲ್ಪವಿರಾಮವನ್ನೂ ತಿದ್ದದೆ ಲಕೋಟೆಗೆ ಹಾಕಿದರು.

ಏಪ್ರಿಲ್ 15, ಮಂಗಳವಾರ

ವರ್ಗ. ಮುಂದಿನ ತಿಂಗಳ ಒಂದರಿಂದ ಮೀಟರ್ ಪರೀಕ್ಷಾ ಕೊಠಡಿಗೆ. ಪಟ್ಟಿಗಳ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಹಳೆಯದೇ ಸರಿ ಎಂದು ಸಹಿ ಹಾಕಲು ಯಾರಿಗೂ ಧೈರ್ಯವಾಗಿಲ್ಲ.

ಸಂಜೆ ಅಕ್ಕ ಬಂದಿದ್ದಳು. ವರ್ಗವಾದದ್ದನ್ನು ಇವರು ಹೇಳಿದರು. ಅವಳು ನನ್ನ ಪಕ್ಕ ಕೂತು, ನನ್ನ ರವಿಕೆಯ ತೋಳಿನ ಹೊಲಿಗೆ ಬಿಟ್ಟದ್ದನ್ನು ನೋಡಿ, ತೆಗೆದು ಕೊಡು ಹಾಕ್ತೀನಿ ಎಂದಳು. ಇಲ್ಲೂ ಬಾಗಿಲ ಬಳಿಯೇ ಕೂತು ಹೊಲಿದು ಕೊಟ್ಟಳು. ಗಿರಣಿ ಕಾಲೋನಿಯಲ್ಲಿ ಕರೆಂಟು ಹೇಗಿದೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ತುಂಬಾ ದಣಿವಾಗಿತ್ತು. ಅವಳ ಭುಜಕ್ಕೆ ಒರಗಿ ಅಲ್ಲೇ ನಿದ್ದೆ ಹೋದೆನಂತೆ.

ಏಪ್ರಿಲ್ 22, ಮಂಗಳವಾರ

ಎರಡು ದಿನದ ರಜೆಯ ಮೇಲೆ ಬೆಳಗಿನ ಪಾಳಿಗೆ ಹೋದೆ. ಪಾಳಿ ಪುಸ್ತಕದಲ್ಲಿ ಗೊಣಗಪ್ಪನ ಕೈಬರಹ, ಭಾನುವಾರದ್ದು: ‘3.40. ಐವತ್ತು ಮೆಗಾವ್ಯಾಟ್ ಕೊರತೆ. ಆರನೇ ಫೀಡರ್ ತೆಗೆಯಲಾಯಿತು. ಹೊಸ ಪಟ್ಟಿಯ ಪ್ರಕಾರ.’ ಷರಾ ಅಂಕಣದಲ್ಲಿ: ‘ಫೋನ್ ಕರೆಗಳು ಹದಿನೇಳು. ಎಲ್ಲರಿಗೂ ಪಟ್ಟಿ ಓದಿ ಹೇಳಲಾಯಿತು.’

ಮಂತ್ರಿಗಳ ಬೀದಿ. ಎರಡು ಸಲ ಓದಿದೆ.

ಪಾಳಿ ಒಪ್ಪಿಸಿ ಹೊರಟಿದ್ದವನು ಬಾಗಿಲಲ್ಲೇ ನಿಂತಿದ್ದ. ಪಿಂಚಣಿ ಏನಾಯಿತು ಎಂದು ಕೇಳಿದೆ.

“ನೀವೇನೋ ಮೀಟರ್ ಕೊಠಡಿಗೆ ಹೋಗಿ ತಣ್ಣಗೆ ಕೂತ್ಕೋತೀರ ಮೇಡಂ. ಆ ಹದಿನೇಳು ಜನಕ್ಕೆ ಉತ್ತರ ಹೇಳಿ ನನ್ನ ಗಂಟಲು ಹೋಯ್ತು,” ಎಂದು ಗೊಣಗಿದ. ಹೋಗುವವನು ಮತ್ತೆ ತಿರುಗಿದ. “ಅಂದಹಾಗೆ ನಿಮ್ಮ ಪಟ್ಟಿ ಈ ತಿಂಗಳಿಗೆ ಮುಗಿಯುತ್ತೆ. ಮುಂದಿನ ತಿಂಗಳ ಲೆಕ್ಕ ಹೇಗೆ ಮಾಡೋದು ಅಂತ ಎಲ್ಲೂ ಬರೆದಿಲ್ಲ ನೀವು. ನಿಮಗೆ ಅರ್ಥ ಆದರೆ ಸಾಕಾ?”

ಕೂರಿಸಿಕೊಂಡು ತೋರಿಸಿದೆ. ಮೂರು ಸಲ ತಪ್ಪು ಮಾಡಿದ, ನಾಲ್ಕನೇ ಸಲ ಸರಿಯಾಗಿ ಬಂತು. ಕೊನೆಯಲ್ಲಿ ಹೊಸ ಪಟ್ಟಿಯ ಕೆಳಗೆ ತಾರೀಖು ಹಾಕಿ ತಾನೇ ಸಹಿ ಮಾಡಿದ.